ನುಂಗಿದ ಕೋಶದೊಳಗೇ ಬ್ಯಾಕ್ಟೀರಿಯಾ ಬದುಕುಳಿಯುವುದು ಹೇಗೆ?

ಪ್ರಶ್ನೆ

ಬ್ಯಾಕ್ಟೀರಿಯಾವನ್ನು ನುಂಗಿ ಜೀರ್ಣಿಸುವುದೇ ಮ್ಯಾಕ್ರೊಫೇಜ್ ಕೋಶದ ಕೆಲಸ ಎಂದು ಓದಿದ್ದೇನೆ. ಕ್ಷಯದ ಬ್ಯಾಕ್ಟೀರಿಯಾ ಅದೇ ಕೋಶದಲ್ಲಿ ನೆಲೆಸಿ ವೃದ್ಧಿಸುತ್ತದೆ ಎಂದೂ ಓದಿದ್ದೇನೆ. ಈ ಎರಡು ಮಾತುಗಳನ್ನು ಹೊಂದಿಸಿಕೊಳ್ಳಲು ನನಗೆ ಆಗುತ್ತಿಲ್ಲ. ಕೊಲ್ಲಲೆಂದೇ ಇರುವ ಕೋಶದೊಳಕ್ಕೆ ಅದು ನುಗ್ಗುವುದಾದರೂ ಹೇಗೆ?

ಉತ್ತರ 1

‘ನುಗ್ಗುವುದು’ ಎಂಬ ಪದವೇ ಇಲ್ಲಿ ದಾರಿ ತಪ್ಪಿಸುತ್ತಿದೆ. ಕ್ಷಯದ ಬ್ಯಾಕ್ಟೀರಿಯಾ ಬಾಗಿಲು ಮುರಿಯಬೇಕಾಗಿಲ್ಲ, ಮ್ಯಾಕ್ರೊಫೇಜ್ ತಾನಾಗಿಯೇ ಅದನ್ನು ಒಳಗೆಳೆದುಕೊಳ್ಳುತ್ತದೆ. ಸೆಣಸಾಟ ಶುರುವಾಗುವುದು ಅನಂತರ. ನುಂಗಿದ್ದನ್ನು ಸುತ್ತುವರಿಯುವ ಫಾಗೊಸೋಮ್ ಎಂಬ ಪೊರೆಚೀಲವು ಸಾಮಾನ್ಯವಾಗಿ ಹಂತಹಂತವಾಗಿ ಆಮ್ಲೀಯವಾಗುತ್ತ, ಪಿಎಚ್ 5ರ ಆಸುಪಾಸಿಗೆ ಇಳಿದು, ಕೊನೆಗೆ ಜೀರ್ಣಕಿಣ್ವಗಳಿರುವ ಲೈಸೊಸೋಮ್‌ನೊಂದಿಗೆ ಬೆಸೆದುಕೊಳ್ಳುತ್ತದೆ. ಕ್ಷಯದ ಬ್ಯಾಕ್ಟೀರಿಯಾ ಇದನ್ನು ನಡುದಾರಿಯಲ್ಲೇ ತಡೆಯುತ್ತದೆ: ಆರಂಭದ ಹಂತದ ಗುರುತಾದ ರ‍್ಯಾಬ್5 ಪ್ರೋಟೀನು ಚೀಲದ ಮೇಲೆ ಉಳಿದುಬಿಡುತ್ತದೆ, ಮುಂದಿನ ಹಂತದ ರ‍್ಯಾಬ್7 ಬಂದು ಕೂರುವುದಿಲ್ಲ, ಆಮ್ಲ ತುಂಬುವ ಪಂಪುಗಳೂ ಸಾಕಷ್ಟು ಸೇರದೆ ಪಿಎಚ್ 6ರ ಮೇಲೆಯೇ ನಿಲ್ಲುತ್ತದೆ. ಆರ್ಮ್‌ಸ್ಟ್ರಾಂಗ್ ಮತ್ತು ಡಾರ್ಸಿ ಹಾರ್ಟ್ ಎಂಬ ಸಂಶೋಧಕರು ಇದನ್ನು 1971ರಲ್ಲಿ ಸೊಗಸಾಗಿ ತೋರಿಸಿದರು. ಅವರು ಲೈಸೊಸೋಮ್‌ಗಳಲ್ಲಿ ಮೊದಲೇ ಫೆರಿಟಿನ್ ಎಂಬ, ಕಪ್ಪು ಕಣಗಳಾಗಿ ಕಾಣುವ ಕಬ್ಬಿಣಯುಕ್ತ ಪ್ರೋಟೀನನ್ನು ತುಂಬಿಸಿಟ್ಟು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಸತ್ತ ಬ್ಯಾಕ್ಟೀರಿಯಾದ ಚೀಲಗಳಲ್ಲಿ ಆ ಕಪ್ಪು ಕಣಗಳು ಕಂಡವು, ಜೀವಂತ ಬ್ಯಾಕ್ಟೀರಿಯಾದ ಹೆಚ್ಚಿನ ಚೀಲಗಳಲ್ಲಿ ಕಾಣಲಿಲ್ಲ.

ಉತ್ತರ 2

ಮೇಲಿನ ವಿವರಣೆ ಕ್ಷಯದ ಮಟ್ಟಿಗೆ ಸರಿ. ಎಲ್ಲ ಬ್ಯಾಕ್ಟೀರಿಯಾಗಳೂ ಹೀಗೆಯೇ ಎಂದುಕೊಳ್ಳಬಾರದು. ಸಾಲ್ಮೊನೆಲ್ಲಾಕ್ಕೆ ಆಮ್ಲವೇ ಸಂಕೇತ. ಅದು ತಾಕಿದೊಡನೆ ಸೂಜಿಯಂಥ ಸ್ರಾವವ್ಯವಸ್ಥೆಯೊಂದನ್ನು ಕಟ್ಟಿಕೊಂಡು, ಚೀಲದ ಪೊರೆಯಾಚೆಗೆ ತನ್ನ ಪ್ರೋಟೀನುಗಳನ್ನು ದಾಟಿಸಿ, ಆ ಚೀಲವನ್ನೇ ತನಗೆ ಬೇಕಾದ ಮನೆಯಾಗಿ ಮಾರ್ಪಡಿಸುತ್ತದೆ. ಕಾಕ್ಸಿಯೆಲ್ಲಾ ಇನ್ನೂ ವಿಚಿತ್ರ, ಲೈಸೊಸೋಮ್ ಬೆಸೆದ ಆಮ್ಲೀಯ ಚೀಲವಿಲ್ಲದೆ ಅದು ಕೋಶದೊಳಗೆ ಬೆಳೆಯುವುದೇ ಇಲ್ಲ. ಲಿಸ್ಟೀರಿಯಾ ಚೀಲದಲ್ಲಿ ನಿಲ್ಲುವುದಿಲ್ಲ. ಲಿಸ್ಟೀರಿಯೊಲೈಸಿನ್ ಎಂಬ ತನ್ನ ಪ್ರೋಟೀನಿನಿಂದ ಪೊರೆಗೆ ರಂಧ್ರ ಕೊರೆದು ಹೊರಬಿದ್ದು, ಕೋಶದ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳನ್ನೇ ಬೆನ್ನ ಹಿಂದೆ ಹೆಣೆದುಕೊಂಡು ಧೂಮಕೇತುವಿನಂತೆ ಸಾಗಿ, ಪಕ್ಕದ ಕೋಶದೊಳಕ್ಕೆ ಚಾಚಿಕೊಳ್ಳುತ್ತದೆ. ಹೊರಗಿನ ದ್ರವಕ್ಕೆ ಬಾರದ ಕಾರಣ ಪ್ರತಿಕಾಯಗಳ ಕೈಗೂ ಸಿಗುವುದಿಲ್ಲ. ಇದಕ್ಕಾದರೆ ನಿಮ್ಮ ‘ನುಗ್ಗುವುದು’ ಸಲ್ಲುತ್ತದೆ.

ಪ್ರಶ್ನೆ ಕೇಳಿದವರು

ಇಷ್ಟು ನಿಖರವಾದ ಉಪಾಯಗಳನ್ನು ಇವು ಮನುಷ್ಯದೇಹದಲ್ಲಿಯೇ ರೂಢಿಸಿಕೊಂಡವೇ?

ಉತ್ತರ 3

ಎಲ್ಲವೂ ಅಲ್ಲ. 1976ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ಸಮಾವೇಶವೊಂದರ ನಂತರ ಕಾಣಿಸಿಕೊಂಡ ನ್ಯುಮೋನಿಯಾಕ್ಕೆ ಕಾರಣವಾದ ಲೀಜನೆಲ್ಲಾವನ್ನು ನೋಡಿ. ಅದು ಆಶ್ರಯದಾತ ಕೋಶದೊಳಕ್ಕೆ 300ಕ್ಕೂ ಹೆಚ್ಚು ಬಗೆಯ ಪ್ರೋಟೀನುಗಳನ್ನು ದಾಟಿಸಬಲ್ಲದು, ಆದರೂ ಮನುಷ್ಯರಿಂದ ಮನುಷ್ಯರಿಗೆ ಹರಡುವುದು ತೀರಾ ಅಪರೂಪ. ಹಾಗಾಗಿ ನಮ್ಮೊಳಗೆ ಕಲಿತದ್ದನ್ನು ಮುಂದಿನ ಪೀಳಿಗೆಗೆ ಸಾಗಿಸುವ ದಾರಿ ಅದಕ್ಕಿಲ್ಲ. ಅದರ ಸಹಜ ನೆಲೆ ಸಿಹಿನೀರಿನ ಅಮೀಬಾ. ಅಮೀಬಾ ಆಹಾರಕ್ಕಾಗಿ ನುಂಗುವ ಬಗೆಗೂ ಮ್ಯಾಕ್ರೊಫೇಜ್ ರಕ್ಷಣೆಗಾಗಿ ನುಂಗುವ ಬಗೆಗೂ ಬಹಳ ಹೋಲಿಕೆಯಿರುವುದರಿಂದ, ಅಲ್ಲಿ ಪಳಗಿದ ವಿದ್ಯೆ ಇಲ್ಲಿಯೂ ನಡೆಯುತ್ತದೆ. ಈ ತರ್ಕವನ್ನು ಕ್ಷಯಕ್ಕೆ ಮಾತ್ರ ಹಾಗೆಯೇ ಎಳೆಯಬೇಡಿ. ಅದು ಕೆಮ್ಮಿನ ಮೂಲಕ ಮನುಷ್ಯರಿಂದ ಮನುಷ್ಯರಿಗೇ ದಾಟುತ್ತ ಬಂದಿದೆ.