ಬ್ಯಾರೋರಿಫ್ಲೆಕ್ಸ್ ಮಾಡೆಲ್: ಟಿಲ್ಟ್ ಆದ ಮೇಲೆ ಹೃದಯಬಡಿತ ಓಲಾಡುತ್ತಲೇ ಇದ್ದರೆ ಏನು ಮಾಡಬೇಕು?

ಪ್ರಶ್ನೆ: ಮಲಗಿದವರನ್ನು ಟಿಲ್ಟ್ ಟೇಬಲ್ ಮೇಲೆ 60 ಡಿಗ್ರಿ ಎತ್ತಿದಾಗ ರಕ್ತದೊತ್ತಡ, ಹೃದಯಬಡಿತ ಹೇಗೆ ಬದಲಾಗುತ್ತವೆ ಎಂದು ಬ್ಯಾರೋರಿಫ್ಲೆಕ್ಸ್‌ನ (ಒತ್ತಡ ಬದಲಾದಾಗ ಸರಿದೂಗಿಸಲು ನರಗಳು ಹೃದಯ, ರಕ್ತನಾಳಗಳನ್ನು ತಿದ್ದುವ ಪ್ರತಿವರ್ತನೆ) ಮಾಡೆಲ್ ಬರೆಯುತ್ತಿದ್ದೇನೆ. ಈಗಿರುವುದು ಎರಡು ಅಂಶದ ವಿಂಡ್‌ಕೆಸಲ್, ಅಂದರೆ ಧಮನಿಗಳನ್ನು ಒಂದು ರೋಧ, ಒಂದು ಹಿಗ್ಗುವ ಚೀಲವಾಗಿ ಕಾಣುವ ಮಾಡೆಲ್ (ರೋಧ 1.1, ಹಿಗ್ಗುವ ಗುಣ ಅಥವಾ ಕಂಪ್ಲಯನ್ಸ್ 1.5), ಒತ್ತಡವನ್ನು ನರದ ಸಂಕೇತವಾಗಿಸುವ ಒಂದು ಸಿಗ್ಮಾಯ್ಡ್ (S ಆಕಾರದ ವಕ್ರರೇಖೆ), 6 ಸೆಕೆಂಡಿನ ಫಿಲ್ಟರ್, 4 ಸೆಕೆಂಡ್ ವಿಳಂಬ. ಬಡಿತ ತಡವಾಗಿ ಏರುತ್ತದೆ, ಆಮೇಲೆ ಸುಮಾರು 17 ಸೆಕೆಂಡಿಗೊಮ್ಮೆ ಓಲಾಡುತ್ತಲೇ ಇರುತ್ತದೆ. ಫಿಟ್ ಮಾಡಿದರೆ ಪ್ರತಿ ಸಲ ಬೇರೆ ಪ್ಯಾರಾಮೀಟರ್ ಬರುತ್ತದೆ. ಎಲ್ಲಿಂದ ಸರಿಪಡಿಸಲಿ?

ಉತ್ತರ 1
ಆ ಒಂದೇ ಫೀಡ್‌ಬ್ಯಾಕನ್ನು ಮೊದಲು ಒಡೆಯಿರಿ. ಬಡಿತ ತಗ್ಗಿಸುವ ವೇಗಸ್ ನರದ ದಾರಿ ಬಲು ಚುರುಕು, ಬಡಿತ ಏರಿಸುವ ಸಿಂಪಥೆಟಿಕ್ ನರಗಳ ದಾರಿ ನಿಧಾನ. ಎರಡಕ್ಕೂ 4 ಸೆಕೆಂಡ್ ಕೊಟ್ಟರೆ ಎತ್ತಿದ ಕೂಡಲೇ ಬಡಿತ ಏರುವುದಾದರೂ ಹೇಗೆ? ಸಂಶೋಧಕ ಉರ್ಸಿನೊ 1998ರ ತಮ್ಮ ಬ್ಯಾರೋರಿಫ್ಲೆಕ್ಸ್ ಮಾಡೆಲ್‌ನಲ್ಲಿ ಬಳಸಿದ ಬೆಲೆಗಳಿಂದ ಶುರು ಮಾಡಿ: ವೇಗಸ್‌ಗೆ ವಿಳಂಬ 0.2, ಕಾಲಸ್ಥಿರಾಂಕ (ಪರಿಣಾಮ ಮೂಡಲು ಹಿಡಿಯುವ ಹೊತ್ತಿನ ಅಳತೆ) 1.5 ಸೆಕೆಂಡ್, ಹೃದಯಕ್ಕೆ ಹೋಗುವ ಸಿಂಪಥೆಟಿಕ್‌ಗೆ 2 ಮತ್ತು 2, ರಕ್ತನಾಳದ ರೋಧಕ್ಕೆ 2 ಮತ್ತು 6, ಅಭಿಧಮನಿಗಳಿಗೆ 5 ಮತ್ತು 20.

ಮಲಗಿದ್ದಾಗ ವೇಗಸ್‌ದೇ ಮೇಲುಗೈ. ಎರಡೂ ನರಗಳನ್ನು ಔಷಧದಿಂದ ತಡೆದರೆ ಹರೆಯದವರ ಹೃದಯ ನಿಮಿಷಕ್ಕೆ 100ರ ಆಸುಪಾಸಿನಲ್ಲಿ ಬಡಿಯುತ್ತದೆ. ಎದ್ದ ಮೊದಲ ಕೆಲವು ಸೆಕೆಂಡಿನ ಏರಿಕೆ ವೇಗಸ್ ಕೈಬಿಟ್ಟದ್ದರಿಂದಲೇ ಬರುವುದು. ಬಡಿತದ ದರದ ಬದಲು ಎರಡು ಬಡಿತಗಳ ನಡುವಿನ ಅಂತರವನ್ನೇ ಚರವಾಗಿಡಿ: ನರದ ಪ್ರಭಾವವಿಲ್ಲದ ಅಂತರ 0.58 ಸೆಕೆಂಡ್, ವೇಗಸ್ ಅದಕ್ಕೆ ಕೂಡಿಸುತ್ತದೆ, ಸಿಂಪಥೆಟಿಕ್ ಕಳೆಯುತ್ತದೆ. ವೇಗಸ್‌ನ ಪರಿಣಾಮ ಅಂತರದ ಮೇಲೆ ಹೆಚ್ಚುಕಡಿಮೆ ಸರಳರೇಖೆ, ದರದ ಮೇಲೆ ಹಾಗಲ್ಲ.

ಉತ್ತರ 2
ನಿಮ್ಮ ಓಲಾಟ ಸಾಲ್ವರ್‌ನ (ಸಮೀಕರಣ ಬಿಡಿಸುವ ಪ್ರೋಗ್ರಾಂ) ತಪ್ಪಲ್ಲ, ಕೊಟ್ಟ ಸಂಖ್ಯೆಗಳೇ ಅದನ್ನು ಹೇಳುತ್ತವೆ. ವಿಂಡ್‌ಕೆಸಲ್‌ನ 1.7 ಸೆಕೆಂಡ್, ಫಿಲ್ಟರ್‌ನ 6, ವಿಳಂಬದ 4: ಈ ಮೂರರಿಂದ ಆಗುವ ಹಿಂದುಳಿಕೆ ಒಟ್ಟು 180 ಡಿಗ್ರಿ ಮುಟ್ಟುವುದು ಸೆಕೆಂಡಿಗೆ 0.36 ರೇಡಿಯನ್‌ನಲ್ಲಿ, ಅಂದರೆ 17 ಸೆಕೆಂಡಿನ ಆವರ್ತದಲ್ಲಿ. ಲೂಪ್‌ನ ಸ್ಥಿರ ಗೇನ್ (ಒತ್ತಡದ ಬದಲಾವಣೆಗೆ ಫೀಡ್‌ಬ್ಯಾಕ್ ಎಷ್ಟು ಪಟ್ಟು ಪ್ರತಿಕ್ರಿಯಿಸುತ್ತದೆ ಎಂಬುದು) 2.8 ದಾಟಿದರೆ ಓಲಾಟ ತಗ್ಗುವುದೇ ಇಲ್ಲ. ವಿಳಂಬವನ್ನು 2 ಸೆಕೆಂಡಿಗೆ ಇಳಿಸಿ ನೋಡಿ: ಆವರ್ತ 11.3 ಸೆಕೆಂಡಿಗೆ ಬರುತ್ತದೆ, ಮಿತಿ 4.8ಕ್ಕೆ ಏರುತ್ತದೆ. ಮನುಷ್ಯರಲ್ಲಿ ಕಾಣುವ 0.1 ಹರ್ಟ್ಸ್‌ನ ಮೇಯರ್ ಅಲೆಗಳಿಗೆ (ರಕ್ತದೊತ್ತಡದ ಸಹಜ ಏರಿಳಿತ) ಇದು ಹತ್ತಿರ. ಹಾಗಾಗಿ 10 ಸೆಕೆಂಡಿನ ಸಣ್ಣ ಅಲೆ ಉಳಿದರೆ ಅದನ್ನು ಒತ್ತಾಯದಿಂದ ಅಳಿಸಬೇಡಿ.

ಗೇನ್ ಅಳೆಯಲು ಲೂಪ್ ಕತ್ತರಿಸಿ. ಸಿಗ್ಮಾಯ್ಡ್‌ಗೆ ಸ್ಥಿರವಾಗಿ 92 ಮಿ.ಮೀ. ಪಾದರಸ ಕೊಟ್ಟು, ಆಮೇಲೆ 93 ಕೊಡಿ. ಹೊರಬರುವ ಒತ್ತಡ ಎಷ್ಟು ಇಳಿದು ನಿಲ್ಲುತ್ತದೋ ಅದೇ ಗೇನ್. 75ರಲ್ಲೂ 110ರಲ್ಲೂ ಹೀಗೇ ಮಾಡಿ, ಏಕೆಂದರೆ ಸಿಗ್ಮಾಯ್ಡ್‌ನ ಇಳಿಜಾರು ಎಲ್ಲ ಕಡೆ ಒಂದೇ ಅಲ್ಲ.

ಉತ್ತರ 3
ಗೇನ್ ಸರಿಹೋದರೂ ಈ ಮಾಡೆಲ್ ಟಿಲ್ಟ್ ತೋರಿಸಲಾರದು. ಎರಡು ಅಂಶದ ವಿಂಡ್‌ಕೆಸಲ್‌ನಲ್ಲಿ ಅಭಿಧಮನಿಯೇ ಇಲ್ಲ. ಎತ್ತಿದಾಗ 500ರಿಂದ 800 ಮಿ.ಲೀ. ರಕ್ತ ಕಾಲು, ಹೊಟ್ಟೆಯ ಕಡೆ ಜಾರುತ್ತದೆ, ಹೃದಯಕ್ಕೆ ಮರಳುವುದು ಕಡಿಮೆಯಾಗುತ್ತದೆ, ಒಂದೊಂದು ಬಡಿತದ ಹೊರಹಾಕುವಿಕೆ ಕುಗ್ಗುತ್ತದೆ. ಕನಿಷ್ಠ ಮೇಲ್ಭಾಗ, ಕೆಳಭಾಗಕ್ಕೆ ಒಂದೊಂದು ಧಮನಿ, ಒಂದೊಂದು ಅಭಿಧಮನಿ ಕೋಣೆ ಬೇಕು. ಪ್ರತಿ ಹೆಜ್ಜೆಯಲ್ಲೂ ಎಲ್ಲ ಕೋಣೆಗಳ ರಕ್ತ ಕೂಡಿಸಿ. ಮೊತ್ತ ಬದಲಾದರೆ ಎಲ್ಲೋ ಚಿಹ್ನೆ ತಪ್ಪಿದೆ.

ಕುತ್ತಿಗೆಯ ಕೆರಾಟಿಡ್ ಸೈನಸ್ (ಒತ್ತಡ ಅರಿಯುವ ಗ್ರಾಹಕಗಳಿರುವ ಧಮನಿಯ ಭಾಗ) ಹೃದಯಕ್ಕಿಂತ ಎತ್ತರದಲ್ಲಿದೆ ಎಂಬುದನ್ನೂ ಸೇರಿಸಿ. 1 ಸೆಂ.ಮೀ. ರಕ್ತ ಎಂದರೆ 0.77 ಮಿ.ಮೀ. ಪಾದರಸ. 25 ಸೆಂ.ಮೀ. ಅಂತರಕ್ಕೆ 60 ಡಿಗ್ರಿಯಲ್ಲಿ ಸುಮಾರು 17 ಮಿ.ಮೀ. ಇಳಿಕೆ. ಹೃದಯದ ಮಟ್ಟದ ಒತ್ತಡ ಅಲುಗಾಡದಿದ್ದರೂ ಬಡಿತ ಏರುವುದಕ್ಕೆ ಇದೂ ಕಾರಣ. ಮಹಾಧಮನಿಯ ಕಮಾನಿನ ಗ್ರಾಹಕಗಳಿಗೆ ಇಷ್ಟು ಇಳಿಕೆ ಕಾಣುವುದಿಲ್ಲ, ಆದ್ದರಿಂದ ಎರಡನ್ನೂ ಬೇರೆಬೇರೆ ಇಡುವುದು ಒಳ್ಳೆಯದು.

ಉತ್ತರ 4
ವಿಳಂಬವನ್ನು ಕೋಡ್ ಮಾಡುವಾಗ ಒಂದು ಎಚ್ಚರ. ಮ್ಯಾಟ್‌ಲ್ಯಾಬ್‌ನ ಓಡಿಇ45 ತರಹದ ಸಾಲ್ವರ್‌ನ ಫಂಕ್ಷನ್ ಒಳಗೆ ಅರೇ ಇಟ್ಟು ಹಳೆಯ ಒತ್ತಡ ಓದಬೇಡಿ. ಅದರ ಹೆಜ್ಜೆ ಹಿಗ್ಗಿ ಕುಗ್ಗುತ್ತದೆ, ಸಾಲ್ವರ್ ತಿರಸ್ಕರಿಸಿದ ಹೆಜ್ಜೆಗಳೂ ಅರೇಯಲ್ಲಿ ಉಳಿದುಬಿಡುತ್ತವೆ. ವಿಳಂಬವಿರುವ ಸಮೀಕರಣಗಳಿಗೆಂದೇ ಇರುವ ಸಾಲ್ವರ್ ಬಳಸಿ: ಮ್ಯಾಟ್‌ಲ್ಯಾಬ್ ಇದ್ದರೆ ಡಿಡಿಇ23, ಪೈಥಾನ್ ಆದರೆ ಜಿಟ್‌ಸಿಡಿಡಿಇ. ಇಲ್ಲವಾದರೆ 0.01 ಸೆಕೆಂಡಿನ ಸ್ಥಿರ ಹೆಜ್ಜೆ, 200 ಸ್ಥಾನದ ರಿಂಗ್ ಬಫರ್ (ತುಂಬಿದ ಮೇಲೆ ಹಳೆಯದರ ಜಾಗದಲ್ಲಿ ಹೊಸದು ಬರೆಯುವ ಪಟ್ಟಿ): 2 ಸೆಕೆಂಡಿಗೆ ಸರಿಯಾಯಿತು. ಬಫರನ್ನು ಸೊನ್ನೆಯಿಂದಲ್ಲ, ವಿಶ್ರಾಂತಿಯ ಒತ್ತಡದಿಂದ ತುಂಬಿ, 200 ಸೆಕೆಂಡ್ ಓಡಿಸಿ ನೆಲೆಗೊಂಡ ಮೇಲೆ ಟಿಲ್ಟ್ ಕೊಡಿ.

ಉತ್ತರ 5
ಫಿಟ್ ಬಗ್ಗೆ: ಬರೀ ಒತ್ತಡ, ಬಡಿತದ ಡೇಟಾ ಇದ್ದರೆ ಡಯಾಸ್ಟೊಲಿಕ್ ಇಳಿಕೆಯಿಂದ (ಎರಡು ಬಡಿತಗಳ ನಡುವೆ ಒತ್ತಡ ಇಳಿಯುವುದು) ಸಿಗುವುದು ರೋಧ ಮತ್ತು ಕಂಪ್ಲಯನ್ಸ್‌ನ ಗುಣಲಬ್ಧ ಮಾತ್ರ. ಒಂದನ್ನು ಇಮ್ಮಡಿಸಿ ಇನ್ನೊಂದನ್ನು ಅರ್ಧ ಮಾಡಿದರೂ ಆ ಇಳಿಕೆ ಹಾಗೇ ಇರುತ್ತದೆ; ಬೇರೆಬೇರೆ ಉತ್ತರ ಬರಲು ಇದೊಂದೇ ಸಾಕು. ಎಕೋದಿಂದ (ಹೃದಯದ ಅಲ್ಟ್ರಾಸೌಂಡ್) ಹೃದಯದ ಹೊರಹರಿವು ಸಿಕ್ಕರೆ ರೋಧವನ್ನು ನೇರವಾಗಿ ಲೆಕ್ಕಹಾಕಿ: 93 ಮಿ.ಮೀ. ಭಾಗಿಸು ಸೆಕೆಂಡಿಗೆ 83 ಮಿ.ಲೀ., ಅಂದರೆ 1.1. ವಿಳಂಬಗಳನ್ನು ಫಿಟ್‌ಗೆ ಬಿಡದೆ ಸ್ಥಿರವಾಗಿಡಿ. ಪ್ರತಿ ಪ್ಯಾರಾಮೀಟರನ್ನು ಶೇ. 1ರಷ್ಟು ಅಲುಗಿಸಿ ಸೆನ್ಸಿಟಿವಿಟಿ (ಫಲಿತಾಂಶ ಎಷ್ಟು ಬದಲಾಗುತ್ತದೆ) ನೋಡಿ, ಒಂದಕ್ಕೊಂದು ಸಮಾನಾಂತರವಾಗಿ ಸಾಗುವ ಜೋಡಿಯಲ್ಲಿ ಒಂದನ್ನು ಸ್ಥಿರ ಮಾಡಿ. ಕೊನೆಗೆ ನಾಲ್ಕೈದು ಉಳಿದರೆ ಸಾಕು. ಅವುಗಳ ಲಾಗ್ ತೆಗೆದು ಫಿಟ್ ಮಾಡಿ.

ಡೇಟಾವನ್ನೂ ಕಣ್ಣಾರೆ ನೋಡಿ. ಬೆರಳಿನ ಒತ್ತಡ ಅಳೆಯುವ ಯಂತ್ರಗಳು ನಡುನಡುವೆ ತಮ್ಮನ್ನು ತಾವೇ ಕ್ಯಾಲಿಬ್ರೇಟ್ ಮಾಡಿಕೊಳ್ಳುವಾಗ ಒಂದೆರಡು ಬಡಿತದಷ್ಟು ಹೊತ್ತು ಅಲೆ ಮಾಯವಾಗುತ್ತದೆ, ಆ ತುಂಡು ಫಿಟ್‌ಗೆ ಹೋಗಬಾರದು. ಎತ್ತುವಾಗ ಕೈ ಜೋತುಬಿದ್ದರೆ ಪ್ರತಿ 10 ಸೆಂ.ಮೀ.ಗೆ 7.7 ಮಿ.ಮೀ. ಸುಳ್ಳು ಏರಿಕೆ, ಅದನ್ನು ಯಾವ ಗೇನ್‌ನಿಂದಲೂ ವಿವರಿಸಲಾಗದು. ಕೈಯನ್ನು ಹೃದಯದ ಮಟ್ಟದಲ್ಲಿ ಪಟ್ಟಿಯಿಂದ ಕಟ್ಟಿಸಿ ಮತ್ತೆ ಅಳೆಯಿಸಿ.