ಕೊಡಚಾದ್ರಿಯಲ್ಲಿ ಕಸ ಹೆಕ್ಕುವುದು ಚರ್ಚಿನ ಕೆಲಸವೇ?

ಹೊಸನಗರದ ಹುಡುಗ:

ಎಲ್ಲರಿಗೂ ನಮಸ್ಕಾರ. ನಾನು ಹೊಸನಗರ ತಾಲ್ಲೂಕಿನವನು, ನಮ್ಮ ಚರ್ಚಿನ ಯುವಜನ ಸಂಘದ ಕಾರ್ಯದರ್ಶಿ. ಮಳೆಗಾಲ ಮುಗಿದ ಮೇಲೆ ಕೊಡಚಾದ್ರಿ ಹತ್ತುವುದು ಸಂಘದ ರೂಢಿ. ಈ ಸಲ ಬರೀ ಹತ್ತಿ ಇಳಿಯುವುದು ಬೇಡ, ದಾರಿಯಲ್ಲಿ ಬಿದ್ದಿರುವ ಪ್ಲಾಸ್ಟಿಕ್ಕನ್ನೂ ಬಾಟಲಿಗಳನ್ನೂ ಚೀಲಗಳಲ್ಲಿ ತುಂಬಿಕೊಂಡು ಬರೋಣ ಎಂದು ಸಭೆಯಲ್ಲಿ ಹೇಳಿದೆ. ಎರಡು ಆಕ್ಷೇಪಗಳು ಬಂದವು. ಬೆಟ್ಟ, ಕಾಡು ಎಂದು ಮೈಮರೆಯುವುದು ಸೃಷ್ಟಿಕರ್ತನನ್ನು ಬಿಟ್ಟು ಸೃಷ್ಟಿಯನ್ನು ಪೂಜಿಸಿದಂತೆ ಎಂದರು ಒಬ್ಬ ಹಿರಿಯರು. ಗೆಳೆಯನೊಬ್ಬ ಪೇತ್ರನ ಎರಡನೆಯ ಪತ್ರದ ಮೂರನೆಯ ಅಧ್ಯಾಯ ತೆರೆದು, ಭೂಮಿ ಹೇಗೂ ಬೆಂಕಿಗೆ ಹೋಗುವುದೆಂದು ಬರೆದಿದೆ, ಕಸ ಹೆಕ್ಕುವ ಹೊತ್ತಿನಲ್ಲಿ ನಾಲ್ಕು ಜನರಿಗೆ ಸುವಾರ್ತೆ ಹೇಳಬಾರದೇ ಎಂದು ಕೇಳಿದ.

ಬೆಟ್ಟದ ತುದಿಯ ಕಲ್ಲಿನ ಗುಡಿ, ಸರ್ವಜ್ಞ ಪೀಠದಿಂದ ಆಚೆ ನಿಂತು ಪಶ್ಚಿಮಕ್ಕೆ ನೋಡಿದರೆ ಕೆಳಗೆ ಕಾಡು ಮಡಿಕೆಮಡಿಕೆಯಾಗಿ ಇಳಿದುಹೋಗುತ್ತದೆ. ಅಲ್ಲಿ ನನಗೆ ಪ್ರಾರ್ಥನೆ ತಾನಾಗಿ ಬರುತ್ತದೆ. ಇದರಲ್ಲಿ ತಪ್ಪೇನಿದೆ ಎಂದು ಕೇಳುವ ಧೈರ್ಯ ನನಗಿದೆ, ಉತ್ತರ ಕೊಡುವಷ್ಟು ಓದು ಇಲ್ಲ. ತಿಳಿದವರು ಹೇಳಿ.

ಭದ್ರಾವತಿ ವಿಶ್ವಾಸಿ:

ಸಹೋದರರೇ, ನಿಮ್ಮ ಗೆಳೆಯರ ಮಾತನ್ನು ತಳ್ಳಿಹಾಕಬೇಡಿ. ಕಸ ಹೆಕ್ಕಲು ಪಂಚಾಯಿತಿ ಇದೆ, ಕಾಡು ಕಾಯಲು ಅರಣ್ಯ ಇಲಾಖೆ ಇದೆ. ಆತ್ಮಗಳ ಚಿಂತೆಯನ್ನು ಕ್ರೈಸ್ತ ಸಭೆಯಲ್ಲದೆ ಇನ್ನು ಯಾರು ಮಾಡಬೇಕು? ಬೆಟ್ಟಕ್ಕೆ ಹೋಗಬೇಡಿ ಎನ್ನುವುದಿಲ್ಲ. ಆದರೆ ಮೊದಲಿನದನ್ನು ಮೊದಲಿಗೇ ಇಡಿ.

ತೀರ್ಥಹಳ್ಳಿ ಕಡೆಯವಳು:

ತಮ್ಮಾ, ನಾನು ಅಡಿಕೆ ತೋಟ ನೋಡಿಕೊಳ್ಳುವವಳು. ಭಾನುವಾರ ಪೂಜೆಯ ನಂತರ ಮಕ್ಕಳಿಗೆ ಧರ್ಮೋಪದೇಶ ಕಲಿಸುತ್ತೇನೆ. ಪೇತ್ರನ ಆ ಅಧ್ಯಾಯವನ್ನು ನಿನ್ನ ಗೆಳೆಯ ಸ್ವಲ್ಪ ಮೇಲಿನಿಂದ ಓದಲಿ. ಬೆಂಕಿಯ ಮಾತಿಗೆ ಮೊದಲು ಪೇತ್ರನು ಜಲಪ್ರಳಯವನ್ನು ನೆನಪಿಸುತ್ತಾನೆ. ಲೋಕ ಮುಳುಗುವುದು ಖಚಿತವೆಂದು ನೋಹನಿಗೆ ಗೊತ್ತಿತ್ತು. ಹಾಗೆ ಗೊತ್ತಿದ್ದವನ ಕೈಗೇ ದೇವರು ಪ್ರಾಣಿಪಕ್ಷಿಗಳ ಜೀವ ಒಪ್ಪಿಸಿದ್ದು. ನೀರು ಇಳಿದ ಮೇಲೆ ಮಾಡಿದ ಒಡಂಬಡಿಕೆಯನ್ನು ಆದಿಕಾಂಡದ 9ನೆಯ ಅಧ್ಯಾಯದಲ್ಲಿ ನೋಡು. ನೋಹನ ಮನೆಯವರ ಜೊತೆಗೆ ಹಕ್ಕಿಗಳು, ದನಕರುಗಳು, ಕಾಡುಮೃಗಗಳು ಎಲ್ಲವೂ ಅದರೊಳಗಿವೆ. ದೇವರು ಮಾತು ಕೊಟ್ಟ ಜೀವಗಳನ್ನು ನಾವು ಲೆಕ್ಕಕ್ಕಿಡದೆ ಬದುಕುವುದು ಹೇಗೆ?

ಇನ್ನು ಹಿರಿಯರ ಆಕ್ಷೇಪ. ಯೋಬನ ಗ್ರಂಥದ 38ನೆಯ ಅಧ್ಯಾಯದಲ್ಲಿ, ಮನುಷ್ಯರಿಲ್ಲದ ನೆಲದ ಮೇಲೆ ಮಳೆ ಸುರಿಸುವವರು ಯಾರು ಎಂದು ದೇವರು ಯೋಬನನ್ನು ಕೇಳುತ್ತಾನೆ. ಆಗುಂಬೆಯ ಹತ್ತಿರ ಬಾಳುವ ನನಗೆ ಆ ಪ್ರಶ್ನೆ ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಾಗ ಇದು. ಯಾರೂ ಬಿತ್ತದ, ಯಾರೂ ಕೊಯ್ಯದ ಕಾಡಿನ ಮೇಲೆ, ಕಾಳಿಂಗ ಸರ್ಪದ ಮೇಲೆ, ಹೆಸರು ಗೊತ್ತಿಲ್ಲದ ಪಾಚಿಯ ಮೇಲೆ ಅಷ್ಟು ನೀರು! ನಮಗೆ ಕಾಸಿನ ಲಾಭವಿಲ್ಲದ್ದನ್ನೂ ಅವನು ಸಾಕುತ್ತಾನೆ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ದೇವರು ಗಿಡಮರಗಳನ್ನು, ಮೀನುಹಕ್ಕಿಗಳನ್ನು ನೋಡಿ ಒಳ್ಳೆಯದೆಂದು ಕಂಡಾಗ ಮನುಷ್ಯ ಇನ್ನೂ ಹುಟ್ಟಿರಲಿಲ್ಲ. ದೇವರು ನೋಡಿ ಸಂತೋಷಪಟ್ಟಿದ್ದನ್ನು ನೀನೂ ನೋಡಿ ಸಂತೋಷಪಟ್ಟರೆ ಅದು ಹೇಗೆ ವಿಗ್ರಹಾರಾಧನೆಯಾದೀತು? ಧಾರಾಳವಾಗಿ ಮೈಮರೆ. ಆ ಹಿರಿಯರನ್ನೂ ಒಮ್ಮೆ ಜೀಪಿನಲ್ಲಿ ಕರೆದುಕೊಂಡು ಹೋಗು, ಪಾಪ, ಅವರಿಗೆ ಹತ್ತಲು ಆಗಲಿಕ್ಕಿಲ್ಲ.

ಆದರೆ ನಿನಗೆ ಇನ್ನೊಂದು ಮಾತು ಹೇಳಬೇಕಾಗಿದೆ. ಕೊಡಚಾದ್ರಿಯ ಬಾಟಲಿಗಳನ್ನು ಹೆಕ್ಕು, ಅದು ಬೇಕು. ಅವನ್ನು ಬಿಸಾಡಿದವರು ಪರಊರಿನವರು, ಹಾಗಾಗಿ ಹೆಕ್ಕುವಾಗ ನಮ್ಮ ಮನಸ್ಸಿಗೂ ಹಿತವಾಗಿರುತ್ತದೆ. ನಮ್ಮ ತೋಟಗಳ ಮಾತನ್ನು ಯುವಜನ ಸಂಘದಲ್ಲಿ ಯಾರಾದರೂ ಎತ್ತಿದ್ದಾರೆಯೇ? ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ, ಅಂದರೆ ಮೈಲುತುತ್ತ ಸುಣ್ಣ ಬೆರೆಸಿದ ದ್ರಾವಣ, ಹೊಡೆಸದೆ ನಮಗೆ ಗತಿಯಿಲ್ಲ. ಹಿಂದಿನವರ ಹಾಗೆ ಪ್ರತಿ ಅಡಿಕೆ ಗೊನೆಗೂ ಮಳೆ ತಾಗದಂತೆ ಕೊಟ್ಟೆ ಕಟ್ಟಿಸೋಣವೆಂದರೆ ಮರ ಹತ್ತುವವರೇ ಸಿಗುವುದಿಲ್ಲ. ಆದರೆ ಮೈಲುತುತ್ತದ (ತಾಮ್ರದ ಲವಣ) ಡ್ರಮ್ಮನ್ನು ತಂದು ಹಳ್ಳದಲ್ಲೇ ತೊಳೆಯಬೇಕೆಂದು ಯಾವ ರೋಗವೂ ನಮ್ಮನ್ನು ಒತ್ತಾಯಿಸಿಲ್ಲ. ತಾಮ್ರ ಮೀನಿಗೆ ವಿಷ. ಕಳೆ ಕೊಚ್ಚಿಸಲು ಕೂಲಿ ಹೆಚ್ಚೆಂದು ತೋಟದ ನೀರು ಹರಿದುಹೋಗುವ ಕಾದಿಗೆಯ ಅಂಚಿನವರೆಗೂ ಕಳೆನಾಶಕ ಹೊಡೆಸುತ್ತಾರೆ. ಮರುದಿನ ಮಳೆ ಬಂದರೆ ಅದೆಲ್ಲ ಹೋಗುವುದು ಎಲ್ಲಿಗೆ?

ನಮ್ಮ ಹಳ್ಳದ ನೀರು ಕೊನೆಗೆ ಸೇರುವುದು ತುಂಗೆಯನ್ನು. ಮಂಡಗದ್ದೆಯ ನಡುಗಡ್ಡೆಯ ಮರಗಳಲ್ಲಿ ಮಳೆಗಾಲಕ್ಕೆ ಗೂಡು ಕಟ್ಟುವ ಬೆಳ್ಳಕ್ಕಿಗಳು, ನೀರುಕಾಗೆಗಳು ಮರಿಗಳ ಬಾಯಿಗೆ ಇಡುವುದು ಹೊಳೆಯ ಮೀನನ್ನು. ಇನ್ನೂ ಕೆಳಗೆ ಹೋದರೆ ಶಿವಮೊಗ್ಗದ ಜನ ಕುಡಿಯುವುದೂ ತುಂಗೆಯ ನೀರನ್ನೇ.

ಭದ್ರಾವತಿಯ ಸಹೋದರರಿಗೂ ಒಂದು ಮಾತು. ಮೊಟ್ಟೆ ಮರಿಗಳ ಮೇಲೆ ಕೂತ ತಾಯಿಹಕ್ಕಿಯನ್ನು ಹಿಡಿಯಬಾರದೆಂದು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯ ಹೇಳುತ್ತದೆ. ಆ ಆಜ್ಞೆ ದಾರಿಯಲ್ಲಿ ಗೂಡು ಕಂಡ ಯಾರಿಗಾದರೂ ಅನ್ವಯ, ಇಲಾಖೆಯವರು ಬರಲೆಂದು ಕಾಯುವ ಪ್ರಶ್ನೆಯಿಲ್ಲ. ಆತ್ಮಗಳ ಚಿಂತೆ ನನಗೂ ಇದೆ. ಹಳ್ಳದ ಕೆಳಗಿನ ಮನೆಯವರಿಗೆ ವಿಷದ ನೀರು ಹರಿಸಿ, ಭಾನುವಾರ ಅವರ ಬಾಗಿಲಿಗೆ ಸುವಾರ್ತೆ ಹಿಡಿದು ಹೋದರೆ ಅವರು ನಮ್ಮ ಮಾತನ್ನು ಯಾಕೆ ಕೇಳಬೇಕು?

ಸಾಗರದಿಂದ:

ಅಕ್ಕನವರ ಮಾತಿಗೆ ನನ್ನ ಪೂರ್ತಿ ಸಹಮತ. ಕೆಲಸಕ್ಕೆ ಬೇಕಾದ ಕೆಲವು ವಿಷಯ ಹೇಳುತ್ತೇನೆ. ಕೊಡಚಾದ್ರಿ ಇರುವುದು ಮೂಕಾಂಬಿಕಾ ವನ್ಯಜೀವಿ ಅಭಯಾರಣ್ಯದಲ್ಲಿ. ಗುಂಪಾಗಿ ಹೋಗುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ. ತಂದ ಕಸವನ್ನು ಎಲ್ಲಿ ಕೊಡುವುದೆಂದು ಪಂಚಾಯಿತಿಯೊಂದಿಗೆ ಮೊದಲೇ ಮಾತಾಡಿಕೊಳ್ಳಿ, ಇಲ್ಲದಿದ್ದರೆ ಯಾರೋ ರಸ್ತೆಬದಿಯಲ್ಲಿ ಸುರಿದು ಬೆಂಕಿ ಇಡುತ್ತಾರೆ. ಒಡೆದ ಗಾಜು ಇರುತ್ತದೆ, ದಪ್ಪ ಕೈಗವಸು ಬೇಕೇ ಬೇಕು. ದಾರಿ ಬಿಟ್ಟು ಹುಲ್ಲುಗಾವಲಿನಲ್ಲಿ ನಡೆಯಬೇಡಿ. ಆ ಹುಲ್ಲು, ಕಣಿವೆಯ ಶೋಲಾ ಎಂಬ ದಟ್ಟ ಕಾಡು ಎರಡೂ ಸೇರಿ ಹಿಡಿದಿಟ್ಟ ಮಳೆಯೇ ಬೇಸಿಗೆಯಲ್ಲಿ ನಿಮ್ಮ ಊರಿನ ಹಳ್ಳಗಳಲ್ಲಿ ಹರಿಯುವುದು.

ಇನ್ನೊಂದು ಸಲಹೆ. ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನವೆಂದು ಕಥೋಲಿಕರಿಗೂ ಗೊತ್ತುಮಾಡಿದರು. ಪ್ರತಿ ವರ್ಷ ಆ ದಿನದಿಂದ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರವರೆಗೆ ಹಲವು ಸಭೆಗಳು ಒಟ್ಟಾಗಿ ಸೃಷ್ಟಿಯ ಕಾಲವನ್ನು ಆಚರಿಸುತ್ತವೆ. ಮರಿಯಮ್ಮನ ಹುಟ್ಟುಹಬ್ಬವಾದ ನಮ್ಮ ಮೊಂತಿ ಹಬ್ಬ, ಸೆಪ್ಟೆಂಬರ್ 8, ಅದರೊಳಗೇ ಬರುತ್ತದೆ. ಮಕ್ಕಳು ಡೇರೆ, ದಾಸವಾಳ, ಕರ್ಣಕುಂಡಲ ತಂದು ಬಾಲ ಮರಿಯಮ್ಮನಿಗೆ ಅರ್ಪಿಸುತ್ತಾರೆ, ಹೊಸ ತೆನೆಗೆ ಆಶೀರ್ವಾದವಾಗುತ್ತದೆ. ಆ ದಿನದ ಊಟಕ್ಕೆ ಪ್ಲಾಸ್ಟಿಕ್ ಲೇಪನದ ತಟ್ಟೆ ತರಿಸುವುದನ್ನು ನೋಡಿ ನನಗೆ ನಿಜವಾಗಿ ಸಂಕಟವಾಗುತ್ತದೆ. ಅಡಿಕೆ ಸೀಮೆಯಲ್ಲಿ ಹಾಳೆ ತಟ್ಟೆಗೆ ಬರವೇ?

ಭದ್ರಾವತಿ ವಿಶ್ವಾಸಿ:

ಸಹೋದರಿಯವರ ಕೊನೆಯ ಪ್ರಶ್ನೆ ನನ್ನನ್ನು ಯೋಚನೆಗೆ ಹಚ್ಚಿದೆ. ಸುವಾರ್ತೆಯೇ ಮೊದಲು ಎಂಬುದರಲ್ಲಿ ನನಗೆ ಈಗಲೂ ಸಂಶಯವಿಲ್ಲ. ನೋಹನ ಒಡಂಬಡಿಕೆಯನ್ನು ಇನ್ನೊಮ್ಮೆ ಓದುತ್ತೇನೆ.

ಹೊಸನಗರದ ಹುಡುಗ:

ಎಲ್ಲರಿಗೂ ತುಂಬಾ ಧನ್ಯವಾದ. ಕೊಡಚಾದ್ರಿ ಕಾರ್ಯಕ್ರಮ ಉಳಿಯುತ್ತದೆ, ಹಾಳೆ ತಟ್ಟೆಯ ವಿಷಯವನ್ನು ಗುರುಗಳ ಬಳಿ ಮಾತಾಡುತ್ತೇನೆ. ಅಕ್ಕಾ, ನಮ್ಮ ಸಂಘದಲ್ಲಿ ಹೆಚ್ಚಿನವರು ತೋಟದ ಮನೆಯವರೇ. ಡ್ರಮ್ಮಿನ ಮಾತು ಎತ್ತಿದರೆ, ಮತ್ತೆಲ್ಲಿ ತೊಳೆಯುವುದು ಎಂದು ಕೇಳುತ್ತಾರೆ. ನೀವು ಏನು ಮಾಡುತ್ತೀರಿ?

ತೀರ್ಥಹಳ್ಳಿ ಕಡೆಯವಳು:

ನೀರನ್ನು ಪೈಪಿನಲ್ಲಿ ಡ್ರಮ್ಮಿನ ಹತ್ತಿರಕ್ಕೆ ತರಬೇಕು, ಡ್ರಮ್ಮನ್ನು ಹಳ್ಳಕ್ಕೆ ಒಯ್ಯಲೇಬಾರದು. ಅಂದಂದಿಗೆ ಬೇಕಾದಷ್ಟೇ ದ್ರಾವಣ ಮಾಡಿಸುತ್ತೇನೆ, ಬೋರ್ಡೋ ಮರುದಿನಕ್ಕೆ ಹೇಗೂ ಕೆಲಸಕ್ಕೆ ಬಾರದು. ಸಂಜೆ ಸ್ವಲ್ಪವೇ ನೀರು ಹಾಕಿ ಕದಡಿಸಿ, ಅದನ್ನೂ ಹೊಡೆಯದೆ ಉಳಿದ ಮರಗಳಿಗೇ ಹೊಡೆಸಿಬಿಡುತ್ತೇವೆ. ಕೆಲಸದವರಿಗೆ ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಅದಕ್ಕೆ ಕೂಲಿಯಲ್ಲಿ ಸೇರಿಸಿ ಕೊಡಬೇಕು. ನಿಮ್ಮ ಹುಡುಗರು ಬರುವುದಾದರೆ ಔಷಧಿ ಹೊಡೆಯುವ ದಿನ ಬರಲಿ, ತೋರಿಸುತ್ತೇನೆ.