28ರೊಳಗೆ ದೆಹಲಿಗೆ ಕಾಗದ ತಲುಪಬೇಕು: ಅನುಭವ ಇದ್ದವರು ಹೇಳಿ

ಸಾಗರದ ಅಪ್ಪ:
ಮಗಳ ಫೆಲೋಶಿಪ್ ಅರ್ಜಿ. ಆನ್‌ಲೈನ್‌ನಲ್ಲಿ ತುಂಬಿ ಆಗಿದೆ. ಸಹಿ ಹಾಕಿದ ಪ್ರತಿ ಮತ್ತು ಡಿಡಿ ದೆಹಲಿಯ ಕಚೇರಿಗೆ ಇದೇ 28, ಮಂಗಳವಾರ ಸಂಜೆ 5ರೊಳಗೆ ಸೇರಬೇಕು. ಕಳಿಸಿದ ದಿನ ಲೆಕ್ಕಕ್ಕಿಲ್ಲ, ಕೈಸೇರಿದ ದಿನವೇ ಲೆಕ್ಕ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ. ಇವತ್ತು 19, ಭಾನುವಾರ. ನಮ್ಮದು ಸಾಗರದಿಂದ 22 ಕಿ.ಮೀ. ಒಳಗಿನ ಹಳ್ಳಿ. ಲಕೋಟೆಯ ತೂಕ 180 ಗ್ರಾಂ. ಸ್ಪೀಡ್ ಪೋಸ್ಟ್ ಮಾಡಲಾ, ಕೊರಿಯರ್ ಮಾಡಲಾ? ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಸ್ವಂತ ಅನುಭವ ಇದ್ದವರು ದಯವಿಟ್ಟು ಹೇಳಿ.

ತುಮಕೂರು ಗುಮಾಸ್ತ:
ವಕೀಲರ ಆಫೀಸಿನಲ್ಲಿ 19 ವರ್ಷದಿಂದ ನೋಟಿಸ್ ಕಳಿಸುವುದೇ ನನ್ನ ಕೆಲಸ. ಕೊರಿಯರ್ ಅನ್ನೋ ಮಾತೇ ಬೇಡ.

2016ರಲ್ಲಿ ಒಂದು ಚೆಕ್ ಬೌನ್ಸ್ ಕೇಸ್. ಚೆಕ್ 3,40,000 ರೂಪಾಯಿಯದು. ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟಿಸ್ ಹೋಗಬೇಕು. ಕಕ್ಷಿದಾರರು 27ನೇ ದಿನ ಬಂದರು. ಅವರಿಗೆ ಅವಸರ, ಪಕ್ಕದಲ್ಲೇ ಇದ್ದ ಕೊರಿಯರ್ ಅಂಗಡಿಯಲ್ಲಿ ತಾವೇ ಕೊಟ್ಟು 60 ರೂಪಾಯಿ ರಸೀದಿ ತಂದರು. ತಲುಪಿದ್ದು ನಿಜ. ಆದರೆ ಡೆಲಿವರಿ ಚೀಟಿ ಮೇಲೆ ಇದ್ದದ್ದು ಒಂದು ಗೀಟು. ಎದುರು ಪಾರ್ಟಿ "ನನ್ನ ಸಹಿ ಅಲ್ಲ" ಅಂದರು. ಅಷ್ಟು ಹೊತ್ತಿಗೆ ಆ ಬ್ರಾಂಚೇ ಮುಚ್ಚಿತ್ತು. ಡೆಲಿವರಿ ಹುಡುಗನನ್ನು ಹುಡುಕಿ ಸಾಕ್ಷಿಗೆ ಕರೆತರಲು 7 ವಾಯಿದೆ ಹೋಯಿತು. ಕೊನೆಗೆ 2,10,000ಕ್ಕೆ ರಾಜಿ. ಉಳಿದ 1,30,000 ಆ ಗೀಟಿಗೆ ಹೋದ ಹಾಗೆ.

ಸರಿಯಾದ ವಿಳಾಸಕ್ಕೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದರೆ ತಲುಪಿದೆ ಎಂದೇ ಕೋರ್ಟ್ ಭಾವಿಸುತ್ತದೆ. 2007ರಲ್ಲಿ ಸುಪ್ರೀಂ ಕೋರ್ಟ್ ಅಲವಿ ಹಾಜಿ ಕೇಸಿನಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಈಗ ರಿಜಿಸ್ಟರ್ ಪೋಸ್ಟ್ ಬೇರೆಯಾಗಿ ಇಲ್ಲ, 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ. ಅದೇ ವರ್ಷದ ಅಕ್ಟೋಬರ್‌ನಿಂದ ದರವೂ ಬದಲಾಗಿದೆ. 50 ಗ್ರಾಂವರೆಗೆ ಊರೊಳಗೆ 19, ಹೊರಗೆ 47. ರಿಜಿಸ್ಟ್ರೇಷನ್ ಬೇಕೆಂದರೆ ಮೇಲೆ 5, ಒಟಿಪಿ ಹೇಳಿದವರಿಗೇ ಕೊಡಬೇಕೆಂದರೆ ಇನ್ನೊಂದು 5. ಜಿಎಸ್‌ಟಿ ಬೇರೆ. ರಿಜಿಸ್ಟ್ರೇಷನ್ ಬೇಕು ಅಂತ ಬಾಯಿಬಿಟ್ಟು ಕೇಳಬೇಕು. ನಮ್ಮ ಆಫೀಸಿನ ಹೊಸ ಹುಡುಗ ಎರಡು ಸಲ ಕೇಳದೇ ಬಂದಿದ್ದ, ಎರಡೂ ನೋಟಿಸ್ ಮತ್ತೆ ಕಳಿಸಿದೆವು.

ಧಾರವಾಡದಾಕಿ:
ಗುಮಾಸ್ತರದು ನೋಟಿಸು, ನಂದು ನೌಕರಿ. ಎಂಟು ವರ್ಷ ಆಯ್ತು, ಇನ್ನೂ ಹೊಟ್ಟೆ ಉರಿಯುತ್ತದೆ.

2018, ಉತ್ತರ ಭಾರತದ ಒಂದು ಸಂಸ್ಥೆಯಲ್ಲಿ ಉಪನ್ಯಾಸಕಿ ಹುದ್ದೆ. ಅರ್ಜಿಗೆ ಪ್ರಬಂಧಗಳ ಪ್ರತಿ ಎಲ್ಲ ಸೇರಿಸಬೇಕು. ಝೆರಾಕ್ಸ್ 312 ಪುಟ, ಒಂದೂವರೆ ರೂಪಾಯಿಯಂತೆ 468. ಡಿಡಿ 500, ಬ್ಯಾಂಕ್ ಕಮಿಷನ್ ಬೇರೆ. ಹೆಸರು ಹೇಳುವುದಿಲ್ಲ, ದೊಡ್ಡ ಕೊರಿಯರ್. "ಮೂರನೇ ದಿನ ಗ್ಯಾರಂಟಿ ಮೇಡಂ" ಅಂತ 780 ತಗೊಂಡರು. ನನ್ನ ಕೈಯಲ್ಲಿ ಆರು ದಿನ ಇತ್ತು. ಮೊದಲ ದಿನ ಹುಬ್ಬಳ್ಳಿ. ಎರಡನೇ ದಿನವೂ ಹುಬ್ಬಳ್ಳಿ. ಮೂರನೇ ದಿನ ಯಾವುದೋ ಬೇರೆ ರಾಜ್ಯದ ಊರು. 14 ಸಲ ಫೋನ್ ಮಾಡಿದೆ, ಪ್ರತಿ ಸಲ ಹೊಸ ದೂರು ನಂಬರ್. ಭಾನುವಾರ ರಾತ್ರಿ 9:40ಕ್ಕೆ ಮೆಸೇಜ್ ಬಂತು: "ಬಾಗಿಲು ಹಾಕಿತ್ತು, ಡೆಲಿವರಿ ಆಗಲಿಲ್ಲ." ಭಾನುವಾರ ರಾತ್ರಿ ಯಾವ ಸಂಸ್ಥೆ ಬಾಗಿಲು ತೆಗೆದುಕೊಂಡು ಕೂತಿರುತ್ತದೆ? ಸೋಮವಾರ ಕೊನೆಯ ದಿನ. ಸೋಮವಾರ ಅವರು ಹೋಗಲೇ ಇಲ್ಲ.

19 ದಿನ ಆದಮೇಲೆ ಲಕೋಟೆ ವಾಪಸ್ ಬಂತು. ಒಡೆದೇ ಇಲ್ಲ. ಈಗಲೂ ಟ್ರಂಕಿನಲ್ಲಿದೆ. ಆಮೇಲೆ ವಯಸ್ಸಿನ ಮಿತಿ ದಾಟಿತು.

ತುಮಕೂರು ಗುಮಾಸ್ತ:
ಮೇಡಂ, ಬೇಜಾರು ಮಾಡ್ಕೋಬೇಡಿ. ಆರು ದಿನ ಇಟ್ಟುಕೊಂಡು ಉತ್ತರ ಭಾರತಕ್ಕೆ ಕಳಿಸಿದ್ದು ನಿಮ್ಮ ತಪ್ಪೂ ಹೌದು.

ಧಾರವಾಡದಾಕಿ:
ತಪ್ಪಾ? ಎರಡು ಪ್ರಮಾಣಪತ್ರಕ್ಕೆ ಸಹಿ ಮಾಡಬೇಕಾದ ಅಧಿಕಾರಿ ರಜೆಯಲ್ಲಿದ್ದರು. ಅವರು ಬಂದ ದಿನವೇ ಕಳಿಸಿದ್ದೇನೆ. ನಿಮ್ಮ ಕಕ್ಷಿದಾರ 27ನೇ ದಿನ ಬಂದರೆ ಅದು ಅವಸರ, ನಾನು ಮಾಡಿದರೆ ತಪ್ಪು. ಚೆನ್ನಾಗಿದೆ ನ್ಯಾಯ.

ಪೀಣ್ಯ ಲ್ಯಾಬ್:
ಎಲ್ಲರೂ ಕೊರಿಯರ್ ಬೈಯುವುದೇ ಆಯ್ತು. ನನ್ನದು ಹಲ್ಲಿನ ಲ್ಯಾಬ್. ಡಾಕ್ಟರ್‌ಗಳು ಅಳತೆ ಕಳಿಸುತ್ತಾರೆ, ನಾವು ಕ್ಯಾಪ್ ಮಾಡಿ ವಾಪಸ್ ಕಳಿಸುತ್ತೇವೆ. ಹಾಸನ, ಚಿತ್ರದುರ್ಗ, ಬಳ್ಳಾರಿ. ಪೇಷೆಂಟ್‌ಗೆ ಬೆಳಿಗ್ಗೆ 11ಕ್ಕೆ ಟೈಮ್ ಕೊಟ್ಟಿದ್ದರೆ 10ಕ್ಕೆ ಡಬ್ಬಿ ಕ್ಲಿನಿಕ್ಕಿನಲ್ಲಿರಬೇಕು. ತಿಂಗಳಿಗೆ 140 ಡಬ್ಬಿ, ಆರು ವರ್ಷ. ಕಳೆದುಹೋದದ್ದು ಮೂರೇ. ರಾತ್ರಿ 8ಕ್ಕೆ ಹುಡುಗ ಬಂದು ತಗೊಂಡು ಹೋಗುತ್ತಾನೆ. ಅಂಚೆ ಕೌಂಟರ್ ಆ ಹೊತ್ತಿಗೆ ತೆರೆದಿರುತ್ತಾ?

ಒಂದು ಮಾತು. ಕಂಪನಿ ಹೆಸರು ನೋಡಿ ಕೊಡಬೇಡಿ. ಕೊರಿಯರ್ ಬ್ರಾಂಚುಗಳು ತುಂಬ ಕಡೆ ಫ್ರಾಂಚೈಸಿ. ಒಂದೇ ಬೋರ್ಡು, ಈ ಊರಲ್ಲಿ ಚಿನ್ನ, ಆ ಊರಲ್ಲಿ ಮಣ್ಣು. ತಲುಪುವ ಊರಿನ ಬ್ರಾಂಚ್ ಹೇಗಿದೆ ಅಂತ ವಿಚಾರಿಸಬೇಕು. ನಾನು ಬಳ್ಳಾರಿಗೆ ಒಂದು ಕಂಪನಿ, ಹಾಸನಕ್ಕೆ ಇನ್ನೊಂದು ಇಟ್ಟುಕೊಂಡಿದ್ದೇನೆ. ಇದನ್ನು ಕಲಿಯಲು ಮೊದಲ ವರ್ಷ 11 ಕ್ಯಾಪ್ ಮತ್ತೆ ಮಾಡಿಕೊಟ್ಟೆ, ನನ್ನ ಖರ್ಚಿನಲ್ಲಿ.

ನಿವೃತ್ತ ಸಾರ್ಟರ್:
ಅಂಚೆ ಇಲಾಖೆಯಲ್ಲಿ ಕಾಗದ ವಿಂಗಡಿಸಿ ಕಳಿಸುವ ವಿಭಾಗವಾದ ಆರ್‌ಎಂಎಸ್‌ನಲ್ಲಿ 31 ವರ್ಷ ಸಾರ್ಟಿಂಗ್ ಅಸಿಸ್ಟೆಂಟ್ ಆಗಿದ್ದವನು ನಾನು. ಪೀಣ್ಯದವರೇ, ಊರಿನ ಕೌಂಟರ್ ಬೇಗ ಮುಚ್ಚುತ್ತೆ ನಿಜ. ಆದರೆ ರೈಲ್ವೆ ಸ್ಟೇಷನ್ನಿನ ಆರ್‌ಎಂಎಸ್‌ಗಳಲ್ಲಿ ಸಂಜೆ ಮೇಲೂ ಬುಕಿಂಗ್ ಮಾಡಿದ್ದೇವೆ. ಅರ್ಜಿಯ ಕೊನೇ ದಿನ ಹತ್ತಿರ ಬಂದರೆ ಸಾಲು ಪ್ಲಾಟ್‌ಫಾರಂವರೆಗೆ ಇರುತ್ತಿತ್ತು. ಊಟ ಬಿಟ್ಟು ಬುಕ್ ಮಾಡಿದ್ದೇನೆ. ಮನೆಯಲ್ಲಿ ಕೂತು ಬೈಯುವುದು ಸುಲಭ.

ಜನಕ್ಕೆ ಗೊತ್ತಿಲ್ಲದ್ದು ಇದು. ವಿಮಾನ, ರೈಲು, ಲಾರಿಯಲ್ಲಿ ಕಾಗದ ತಡ ಆಗುವುದು ಕಡಿಮೆ. ಅದು ತಡ ಆಗುವುದು ಕೂತ ಜಾಗದಲ್ಲಿ. ಚೀಲ ಕಟ್ಟಿ ಸೀಲ್ ಮಾಡುವ ಹೊತ್ತು ಒಂದಿರುತ್ತೆ. ನೀವು ಅದಾಗಿ ಹತ್ತು ನಿಮಿಷಕ್ಕೆ ಬಂದರೆ ರಸೀದಿ ಸಿಗುತ್ತೆ, ಕಾಗದ ಮಾತ್ರ ಮಾರನೇ ದಿನ ಹೊರಡುತ್ತೆ. ಹಳ್ಳಿಯ ಬ್ರಾಂಚ್ ಆಫೀಸಿನಿಂದ ಚೀಲ ಹೋಗುವುದು ದಿನಕ್ಕೊಮ್ಮೆ.

ಪಿನ್‌ಕೋಡ್ ಇನ್ನೊಂದು. 1972ರ ಆಗಸ್ಟ್ 15ರಂದು ಬಂದದ್ದು, ಇವತ್ತಿಗೂ ಜನ ಅಂದಾಜಿನ ಮೇಲೆ ಬರೆಯುತ್ತಾರೆ. ಸಾಗರದ್ದು 577401. ಮೊದಲ ಮೂರು ಅಂಕಿ ಸಾರ್ಟಿಂಗ್ ಜಿಲ್ಲೆ, ಕೊನೆಯ ಮೂರು ಹಂಚುವ ಕಚೇರಿ. ಕೊನೆಯ ಒಂದು ಅಂಕಿ ತಪ್ಪಿದರೂ ಕಾಗದ ಬೇರೆ ಬಡಾವಣೆಗೆ ಹೋಗಿ ಒಂದು ದಿನ ಕಳೆದುಕೊಳ್ಳುತ್ತೆ. ದೆಹಲಿಯಲ್ಲಂತೂ ರಸ್ತೆಯ ಆಚೆ ಒಂದು ಪಿನ್, ಈಚೆ ಒಂದು ಪಿನ್.

ಪೀಣ್ಯ ಲ್ಯಾಬ್:
ಸರ್, ಗೌರವ ಇದೆ. ಆದರೆ ಕಳೆದುಹೋದರೆ ಏನು ಕೊಡುತ್ತೀರಿ? ಕಟ್ಟಿದ ಸ್ಪೀಡ್ ಪೋಸ್ಟ್ ದರದ ಎರಡರಷ್ಟು ಅಥವಾ 1000 ರೂಪಾಯಿ, ಯಾವುದು ಕಡಿಮೆಯೋ ಅದು. ನಾನು ಓದಿಕೊಂಡೇ ಮಾತಾಡುತ್ತಿದ್ದೇನೆ.

ತುಮಕೂರು ಗುಮಾಸ್ತ:
ಹಾಗಾದರೆ ನಿಮ್ಮ ಕೊರಿಯರ್ ರಸೀದಿಯ ಹಿಂದಿನ ಸಣ್ಣ ಅಕ್ಷರವನ್ನೂ ಓದಿ. ಭಾರತಿ ನಿಟ್ಟಿಂಗ್ ಕೇಸ್, 1996. ಜರ್ಮನಿಗೆ ಬಟ್ಟೆ ಕಳಿಸಿದ್ದವರು, ಅದರ ದಾಖಲೆ ಕೊರಿಯರ್‌ನಲ್ಲಿ ತಡವಾಗಿ ತಲುಪಿ ಲಕ್ಷಗಟ್ಟಲೆ ನಷ್ಟ ಆಯಿತು. ರಸೀದಿಯಲ್ಲಿ 100 ಡಾಲರ್ ಮಿತಿ ಅಂತ ಅಚ್ಚಾಗಿತ್ತು. ಸಹಿ ಮಾಡಿದ್ದೀರಿ, ಅಷ್ಟೇ ಸಿಗುವುದು ಅಂತ ಸುಪ್ರೀಂ ಕೋರ್ಟ್ ಹೇಳಿತು. ಪರಿಹಾರ ನಂಬಿ ಎಲ್ಲೂ ಕಳಿಸಬಾರದು.

ಪುತ್ತೂರು ಹಪ್ಪಳ:
ನಮ್ಮದು ಹಲಸಿನ ಹಪ್ಪಳ, ಮನೆಯಲ್ಲೇ ಮಾಡುವುದು. ಕೊರಿಯರ್‌ನವರು ತೂಕ ನೋಡುವುದಿಲ್ಲ, ಡಬ್ಬಿ ಅಳೆಯುತ್ತಾರೆ. ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸುವುದು. ನನ್ನ ಡಬ್ಬಿ 40, 30, 25 ಸೆಂ.ಮೀ. ಲೆಕ್ಕ ಮಾಡಿ, 6 ಕೆಜಿ. ಒಳಗಿರುವ ಹಪ್ಪಳ 2.4 ಕೆಜಿ. ಆರು ಕೆಜಿಗೆ ದುಡ್ಡು ಕೊಟ್ಟರೆ ನನಗೆ ಉಳಿಯುವುದು ಏನು? ಮೂರು ತಿಂಗಳು ಗೊತ್ತಾಗದೇ ಕೊಟ್ಟಿದ್ದೇನೆ. ಡಬ್ಬಿ ಬಿಟ್ಟು ಅಳತೆಗೆ ತಕ್ಕ ರಟ್ಟು ಕತ್ತರಿಸಿ ಕಟ್ಟಲು ಶುರು ಮಾಡಿದ ಮೇಲೆ ಉಸಿರಾಡಿದೆ.

ಬೆಂಗಳೂರು, ಮೈಸೂರಿಗೆ ಈಗ ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋ. 2021ರ ಫೆಬ್ರುವರಿಯಲ್ಲಿ ಶುರುವಾದದ್ದು. ರಾತ್ರಿ ಬಸ್ಸಿಗೆ ಹಾಕಿದರೆ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಇರುತ್ತದೆ. ಗಿರಾಕಿ ಬಂದು ತಗೋಬೇಕು, ಅದೊಂದು ಕಷ್ಟ. ಮಳೆಗಾಲದ್ದು ಬೇರೆ ಕಥೆ. 2024ರ ಜುಲೈನಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದಾಗ ನನ್ನ 62 ಕಟ್ಟು ದಾರಿಯಲ್ಲೇ ನಿಂತು ತಂಡಿ ಎಳೆದುಕೊಂಡವು. ಕಟ್ಟಿಗೆ 110. ಒಟ್ಟು 6,820 ರೂಪಾಯಿ ದನಕ್ಕೆ ಹಾಕಿದೆ. ಯಾರನ್ನು ದೂರುವುದು? ಗುಡ್ಡ ಯಾರ ಮಾತು ಕೇಳುತ್ತದೆ?

ನೀವು ಆ ಲಕೋಟೆಯನ್ನು ಬಸ್ಸಿನಲ್ಲಿ ಬೆಂಗಳೂರಿಗೆ ಕಳಿಸಿ, ಅಲ್ಲಿ ನೆಂಟರು ಯಾರಾದರೂ ಮುಂದೆ ಕಳಿಸಬಹುದಲ್ವಾ?

ನಿವೃತ್ತ ಸಾರ್ಟರ್:
ಅಮ್ಮ, ಹಪ್ಪಳಕ್ಕೂ ಮೂಲ ಕಾಗದಕ್ಕೂ ವ್ಯತ್ಯಾಸ ಇದೆ. ಕೈ ಬದಲಾದಷ್ಟೂ ಅಪಾಯ. ಡ್ರೈವರ್ ಸೀಟಿನ ಪಕ್ಕ ಇಟ್ಟ ಲಕೋಟೆಗೆ ಯಾರು ಜವಾಬ್ದಾರಿ?

ಪುತ್ತೂರು ಹಪ್ಪಳ:
ಡ್ರೈವರ್ ಕೈಗೆ ಕೊಡಿ ಅಂತ ನಾನು ಎಲ್ಲಿ ಹೇಳಿದೆ? ಕೌಂಟರಿನಲ್ಲಿ ರಸೀದಿ ಕೊಡುತ್ತಾರೆ. ಓದಿ ಉತ್ತರ ಬರೆಯಿರಿ. ಹಪ್ಪಳ ಅಂದರೆ ಅಷ್ಟು ಸಸಾರವಾ? ಅದರಲ್ಲೇ ಇಬ್ಬರು ಮಕ್ಕಳನ್ನು ಓದಿಸಿದ್ದೇನೆ.

ನ್ಯೂಜೆರ್ಸಿಯಿಂದ:
ಹಪ್ಪಳ ಅಂದ ಕೂಡಲೇ ನಮ್ಮಮ್ಮನ ನೆನಪಾಯಿತು. ಕಳೆದ ದೀಪಾವಳಿಗೆ ಸೀರೆ, ಕೋಡುಬಳೆ, ಮಗುವಿಗೆ ಲಂಗ ಕಟ್ಟಿ ಇಟ್ಟಿದ್ದರು. ಸಣ್ಣ ಪಾರ್ಸೆಲ್‌ಗಿದ್ದ 800 ಡಾಲರ್ ಸುಂಕ ವಿನಾಯಿತಿಯನ್ನು ಅಮೆರಿಕ 2025ರ ಆಗಸ್ಟ್ 29ರಿಂದ ತೆಗೆದುಹಾಕಿತು. ಅಂಚೆಯಲ್ಲಿ ಇಲ್ಲಿಗೆ ಪಾರ್ಸೆಲ್ ಬುಕಿಂಗ್ ನಿಂತಿತು. ಮತ್ತೆ ಶುರುವಾದದ್ದು ಅಕ್ಟೋಬರ್ 15ಕ್ಕೆ. ಹಬ್ಬ 20ಕ್ಕೆ. ಅಮ್ಮ ಕಾಯಲಾರದೆ ಖಾಸಗಿಯವರಿಗೆ ಕೊಟ್ಟರು. 4 ಕೆಜಿಗೆ 5,900 ರೂಪಾಯಿ, ಇಲ್ಲಿ ಸುಂಕ ನಾನು ಬೇರೆ ಕಟ್ಟಿದೆ. ಕೋಡುಬಳೆ ಪುಡಿಯಾಗಿತ್ತು. ಆ ಪುಡಿಯನ್ನೇ ಮೊಸರನ್ನಕ್ಕೆ ಹಾಕಿಕೊಂಡು ತಿಂದೆವು, ಒಂದು ಚೂರೂ ಬಿಡಲಿಲ್ಲ. ಅಮ್ಮನಿಗೆ ಸುಂಕದ ವಿಷಯ ಇನ್ನೂ ಹೇಳಿಲ್ಲ.

ಪೀಣ್ಯ ಲ್ಯಾಬ್:
ನೋಡಿ, ಹಬ್ಬಕ್ಕೆ ತಲುಪಿಸಿದ್ದು ಖಾಸಗಿಯವರೇ.

ಧಾರವಾಡದಾಕಿ:
ನನ್ನ ನೌಕರಿ ಕಳೆದದ್ದೂ ಖಾಸಗಿಯವರೇ. ಅದನ್ನೂ ಬರೆದುಕೊಳ್ಳಿ.

ಸಾಗರದ ಅಪ್ಪ:
ದಯವಿಟ್ಟು ಜಗಳ ಬೇಡ. ನಾಳೆ ಸೋಮವಾರ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೇ ಹೋಗುತ್ತೇನೆ. ಕವರ್ ಮೇಲೆ ಏನೇನು ಬರೆಯಬೇಕು? ಡಿಡಿ ಒಳಗೇ ಇಡಬಹುದಾ?

ನಿವೃತ್ತ ಸಾರ್ಟರ್:
ಶಿವಮೊಗ್ಗ ಹೆಡ್ ಪೋಸ್ಟ್ ಆಫೀಸ್ ಒಳ್ಳೆಯ ಯೋಚನೆ. ಮಧ್ಯಾಹ್ನದೊಳಗೆ ಕೊಡಿ. "ಇವತ್ತಿನ ಚೀಲ ಎಷ್ಟು ಹೊತ್ತಿಗೆ?" ಅಂತ ಕೌಂಟರಿನಲ್ಲಿ ಕೇಳಿ, ಸಂಕೋಚ ಬೇಡ. ವಿಳಾಸವನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲೂ ಬರೆಯಿರಿ, ಹಂಚುವವರು ದೆಹಲಿಯವರು. ಕಚೇರಿಯ ಹೆಸರು, ವಿಭಾಗ, ಕೊಠಡಿ ನಂಬರ್, ಪಿನ್, ಇಬ್ಬರ ಮೊಬೈಲ್ ನಂಬರ್. ಒಟಿಪಿ ಡೆಲಿವರಿ ಕೇಳಬೇಡಿ. ಅದು ವ್ಯಕ್ತಿಗೆ ಸರಿ. ಕಚೇರಿಗೆ ಕಳಿಸಿದರೆ ಒಟಿಪಿ ಯಾರದೋ ಮೊಬೈಲಿಗೆ ಹೋಗಿ, ಕಾಗದ ಬಾಗಿಲಲ್ಲೇ ನಿಲ್ಲುತ್ತೆ. ಡಿಡಿ ಒಳಗೇ ಇಡಿ, ಹಿಂದೆ ಮಗಳ ಹೆಸರು, ಅರ್ಜಿ ನಂಬರ್ ಬರೆದು. ಎಲ್ಲದರ ಫೋಟೋ ತೆಗೆದಿಡಿ. ಖರ್ಚು ನೂರು ರೂಪಾಯಿ ಆಸುಪಾಸು ಆಗಬಹುದು.

ತುಮಕೂರು ಗುಮಾಸ್ತ:
ರಿಜಿಸ್ಟ್ರೇಷನ್ ಮರೆಯಬೇಡಿ. ಐದೇ ರೂಪಾಯಿ.

ಸಾಗರದ ಅಪ್ಪ:
ಸೋಮವಾರ 11:20ಕ್ಕೆ ಬುಕ್ ಆಯಿತು. ರಿಜಿಸ್ಟ್ರೇಷನ್ ಹಾಕಿಸಿದೆ. 4 ಗಂಟೆಯ ಚೀಲ ಅಂದರು, ಅದು ಹೋಗುವವರೆಗೂ ಅಲ್ಲೇ ಬೆಂಚಿನ ಮೇಲೆ ಕೂತಿದ್ದೆ. ಇವತ್ತು ಮಂಗಳವಾರ ಬೆಳಿಗ್ಗೆ ನೋಡಿದರೆ ಬೆಂಗಳೂರು ಎಂದು ತೋರಿಸುತ್ತಿದೆ. ಎಲ್ಲರಿಗೂ ನಮಸ್ಕಾರ.

ಧಾರವಾಡದಾಕಿ:
ಅಣ್ಣಾರ, ಡೆಲಿವರಿ ಅಂತ ತೋರಿಸಿದ ಮೇಲೂ ಸುಮ್ನೆ ಕೂರಬೇಡ್ರಿ. ಆ ಕಚೇರಿಗೆ ಫೋನ್ ಮಾಡಿ ಇನ್ವರ್ಡ್ ನಂಬರ್, ಅಂದರೆ ಬಂದ ಕಾಗದಕ್ಕೆ ಅವರು ಹಾಕುವ ದಾಖಲೆ ನಂಬರ್, ಕೇಳಿ ಬರೆದಿಟ್ಟುಕೊಳ್ಳಿ. ಗೇಟಿನ ಕಾವಲುಗಾರ ಸಹಿ ಮಾಡಿದರೂ ಡೆಲಿವರಿ ಅಂತಲೇ ಬರುತ್ತದೆ. ಗುರುವಾರ ಮುಟ್ಟಿದರೆ ಶುಕ್ರವಾರವೇ ಕೇಳಿ, ಶನಿವಾರ ಭಾನುವಾರ ಯಾರೂ ಫೋನ್ ಎತ್ತುವುದಿಲ್ಲ. ನಂಬರ್ ಸಿಕ್ಕ ಮೇಲೆ ಇಲ್ಲಿ ಒಂದು ಮಾತು ಬರೆಯಿರಿ, ನಾನೂ ಕಾಯುತ್ತಿರುತ್ತೇನೆ.